ಕುರ್ಸುರಾ ಸಬ್‌ಮರೀನ್ ಮ್ಯೂಸಿಯಂ, ವಿಶಾಖಪಟ್ಟಣ: ಟಾರ್ಪಿಡೋಗಿಂತ ಮಲಗುವ ಜಾಗವನ್ನು ಹೆಚ್ಚು ಹೊತ್ತು ನೋಡಿ

ವಿಶಾಖಪಟ್ಟಣಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಸಿಂಹಾಚಲ, ಅರಕು, ಬೊರ್ರಾ ಗುಹೆ ಅಂತ ಪ್ಲಾನ್ ಮಾಡುತ್ತಾರೆ. ಬೀಚ್ ರೋಡಿನಲ್ಲಿ ನಿಂತಿರುವ ಸಬ್‌ಮರೀನಿಗೆ ಕೊನೆಯ ದಿನದ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಹೊರಗೆ ಒಂದು ಫೋಟೋ, ಒಳಗೆ ಒಂದು ಸುತ್ತು, ಮುಗೀತು. ನನ್ನ ಮಾತು ಕೇಳುವುದಾದರೆ ಇದಕ್ಕೆ ಸರಿಯಾದ ಸಮಯ ಕೊಡಿ. ಬೇರೆಯವರ ದುಡಿಮೆಯನ್ನು ಇಷ್ಟು ಹತ್ತಿರದಿಂದ ತೋರಿಸುವ ಮ್ಯೂಸಿಯಂ ನಾನು ಇನ್ನೊಂದು ನೋಡಿಲ್ಲ.

ಇದು ಜನರಿಗೆ ತೋರಿಸಲು ಕಟ್ಟಿದ ಮಾದರಿಯಲ್ಲ. ನಿಜವಾಗಿಯೂ ಸಮುದ್ರದ ಒಳಗೆ ಓಡಾಡಿದ ಸಬ್‌ಮರೀನ್. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ, 1969ರ ಡಿಸೆಂಬರ್ 18ರಂದು ರೀಗಾದಲ್ಲಿ ನಮ್ಮ ನೌಕಾಪಡೆಗೆ ಸೇರಿತು. 31 ವರ್ಷ ದುಡಿದು 2001ರ ಫೆಬ್ರುವರಿ 27ರಂದು ನಿವೃತ್ತಿಯಾಯಿತು. ಅಷ್ಟು ವರ್ಷಗಳಲ್ಲಿ ಓಡಿದ್ದು 73,500 ನಾಟಿಕಲ್ ಮೈಲಿ, ಅಂದರೆ ಸುಮಾರು 1,36,000 ಕಿಲೋಮೀಟರ್. ಗುಜರಿಗೆ ಹೋಗಬೇಕಿದ್ದ ಇದನ್ನು ಸಮುದ್ರದಿಂದ ಎಳೆದು ತಂದು ರಾಮಕೃಷ್ಣ ಬೀಚಿನ ಮರಳಿನಲ್ಲಿ ಕಾಂಕ್ರೀಟ್ ಅಡಿಪಾಯದ ಮೇಲೆ ಕೂರಿಸಿದ್ದಾರೆ. ಆ ಕೆಲಸಕ್ಕೆ ಒಂದೂವರೆ ವರ್ಷ ಹಿಡಿಯಿತು. ಸುಮಾರು 5.5 ಕೋಟಿ ರೂಪಾಯಿ ಖರ್ಚಾಯಿತು. 2002ರ ಆಗಸ್ಟ್‌ನಲ್ಲಿ ಜನರಿಗೆ ತೆರೆದರು.

91 ಮೀಟರ್ ಉದ್ದ. ರಸ್ತೆಯಿಂದ ನೋಡಿದಾಗ ಬಹಳ ದೊಡ್ಡದು ಅನಿಸುತ್ತದೆ. ಆ ಭಾವನೆಯನ್ನು ಹೊರಗೇ ಬಿಟ್ಟು ಒಳಗೆ ಹೋಗಿ. ಯಾಕೆಂದರೆ ಹೊರಗೆ ಕಾಣುವ ಮೈ ಮತ್ತು ಒಳಗೆ ಮನುಷ್ಯರಿಗೆ ಸಿಗುವ ಜಾಗ ಎರಡೂ ಬೇರೆ ಬೇರೆ. ಹೊರಗಿನ ಕವಚದ ಒಳಗೆ ಇನ್ನೊಂದು ಗಟ್ಟಿ ಕೊಳವೆ ಇದೆ. ಎರಡರ ನಡುವೆ ನೀರು ತುಂಬಿ ಮುಳುಗುವ, ನೀರು ಹೊರಗೆ ಹಾಕಿ ಮೇಲೇಳುವ ಟ್ಯಾಂಕುಗಳಿವೆ. ಒಳಗಿನ ಕೊಳವೆಯಲ್ಲಿ ನೆಲದ ಕೆಳಗೆ ಬ್ಯಾಟರಿ, ಗೋಡೆಯ ತುಂಬಾ ಪೈಪು, ವಾಲ್ವು, ಕೇಬಲ್. ಇದೆಲ್ಲ ಕಳೆದು ಉಳಿದ ಜಾಗದಲ್ಲಿ 75 ಜನ ಇರುತ್ತಿದ್ದರು. 8 ಅಧಿಕಾರಿಗಳು, 67 ನಾವಿಕರು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಮುಂದಿನ ಟಾರ್ಪಿಡೋ ಕೋಣೆ. ಟಾರ್ಪಿಡೋ ಅಂದರೆ ನೀರಿನೊಳಗೇ ಓಡಿ ಹೋಗಿ ಹಡಗಿಗೆ ಬಡಿದು ಸ್ಫೋಟಿಸುವ ಆಯುಧ. ಎದುರಿಗೆ ಆರು ಕೊಳವೆಗಳ ಬಾಗಿಲು. ಎಲ್ಲರೂ ಇಲ್ಲೇ ಗುಂಪು ಕಟ್ಟುತ್ತಾರೆ, ಮಕ್ಕಳನ್ನು ಎತ್ತಿ ತೋರಿಸುತ್ತಾರೆ. ಮುಂದೆ ಆರು, ಹಿಂದೆ ನಾಲ್ಕು, ಒಟ್ಟು ಹತ್ತು ಕೊಳವೆ, 22 ಟಾರ್ಪಿಡೋ ಹೊರುವ ಸಾಮರ್ಥ್ಯ ಅಂತ ಗೈಡ್ ವಿವರಿಸುತ್ತಾರೆ. ಟಾರ್ಪಿಡೋ ಬದಲು ನೆಲಬಾಂಬಿನ ಹಾಗೆ ಸಮುದ್ರದಲ್ಲಿ ಬಿಡುವ ಮೈನುಗಳನ್ನು ತುಂಬಿದರೆ 44 ಹಿಡಿಸುತ್ತಿತ್ತು. ಇದೆಲ್ಲ ಕೇಳಿ. ಆದರೆ ಅಷ್ಟಕ್ಕೇ ತಿರುಗಬೇಡಿ. ಅದೇ ಕೋಣೆಯ ಎರಡೂ ಬದಿ ಕಣ್ಣು ಹಾಯಿಸಿ. ಮಲಗುವ ಹಲಗೆಗಳು ಅಲ್ಲೇ ಇವೆ. ಟಾರ್ಪಿಡೋ ಪಕ್ಕದಲ್ಲಿ, ಮೇಲೆ, ಎಲ್ಲಿ ಒಂದು ಮೈ ಹಿಡಿಸುತ್ತದೋ ಅಲ್ಲಿ ಒಂದು ಹಲಗೆ. ನಮ್ಮ ರೈಲಿನ ಸ್ಲೀಪರ್ ಬೋಗಿಯ ಮಿಡಲ್ ಬರ್ತ್ ಇದಕ್ಕಿಂತ ವಿಶಾಲ. ಅದರಲ್ಲಿ ನಾವು ಒಂದು ರಾತ್ರಿ ಮಲಗಿ ಬೆಳಗ್ಗೆ ಸೊಂಟ ನೋವು ಅನ್ನುತ್ತೇವೆ. ಇವರು ನೂರಾರು ಕಿಲೋ ಸ್ಫೋಟಕದ ಪಕ್ಕದಲ್ಲಿ ವಾರಗಟ್ಟಲೆ ಮಲಗಿದ್ದಾರೆ.

ಅದೂ ಒಬ್ಬೊಬ್ಬರಿಗೆ ಒಂದೊಂದು ಹಲಗೆ ಇರಲಿಲ್ಲ. ಇಂಥ ಸಬ್‌ಮರೀನುಗಳಲ್ಲಿ ಪಾಳಿಯ ಮೇಲೆ ಕೆಲಸ. ಒಬ್ಬ ಡ್ಯೂಟಿಗೆ ಎದ್ದರೆ ಡ್ಯೂಟಿ ಮುಗಿಸಿ ಬಂದವನು ಅದೇ ಜಾಗದಲ್ಲಿ ಮಲಗುತ್ತಾನೆ. ಹಾಸಿಗೆ ಆರುವುದೇ ಇಲ್ಲ. ಇದು ನನಗೆ ಗೊತ್ತಾಗಿದ್ದು ಗೈಡ್ ಹತ್ತಿರ ಕೇಳಿದ ಮೇಲೆ. ಕೇಳದಿದ್ದರೆ ನಾನೂ ಟಾರ್ಪಿಡೋ ನೋಡಿಯೇ ಮುಂದೆ ಹೋಗುತ್ತಿದ್ದೆ ಅನಿಸುತ್ತದೆ. ಅವರು ವಿವರಿಸಿದ ರೀತಿಯೂ ಹಾಗೇ ಇತ್ತು. ಟಾರ್ಪಿಡೋ ಬಗ್ಗೆ ಹೇಳುವಾಗ ಬಾಯಿಪಾಠ, ಮಲಗುವ ವಿಷಯ ಬಂದಾಗ ದನಿಯೇ ಬೇರೆ.

ಈ ಗೈಡುಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮ್ಯೂಸಿಯಂನ ನಿಜವಾದ ಆಸ್ತಿ ಅವರೇ. ನೌಕಾಪಡೆಯಿಂದ ನಿವೃತ್ತರಾದವರನ್ನೇ ಇಲ್ಲಿ ಗೈಡ್ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಮಾತಾಡುತ್ತಾರೆ. ಗುಂಪು ಜಾಸ್ತಿ ಇದ್ದಾಗ ಅವರು ಎಲ್ಲರಿಗೂ ಕೇಳುವ ಹಾಗೆ ಅಂಕಿ ಅಂಶ ಹೇಳಿ ಮುಂದೆ ಕಳಿಸಬೇಕಾಗುತ್ತದೆ, ಹಿಂದೆ ಇನ್ನೊಂದು ಗುಂಪು ಕಾಯುತ್ತಿರುತ್ತದೆ, ಅದು ಅವರ ಕೈಯಲ್ಲಿಲ್ಲ. ಆದರೆ ಜನ ಕಡಿಮೆ ಇರುವ ದಿನ ಹೋಗಿ "ಸರ್, ಇಲ್ಲಿ ನೀವೆಲ್ಲ ಊಟ ಎಲ್ಲಿ ಮಾಡುತ್ತಿದ್ದಿರಿ?" ಅಂತ ಒಂದು ಪ್ರಶ್ನೆ ಕೇಳಿ ನೋಡಿ. ಸಬ್‌ಮರೀನಿನ ತೂಕ ಎಷ್ಟು, ವೇಗ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಅದು ಬೋರ್ಡಿನಲ್ಲೂ ಇರುತ್ತದೆ. ಊಟ, ನಿದ್ದೆ, ಸ್ನಾನ ಕೇಳುವವರು ಕಡಿಮೆ. ಕೇಳಿದರೆ ಅವರು ನಿಮ್ಮನ್ನು ಪಕ್ಕಕ್ಕೆ ಕರೆದು ತೋರಿಸುತ್ತಾರೆ.

ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಕಿಂಡಿಗಳಿವೆ. ಬಾಗಿಲು ಅನ್ನಲು ಆಗುವುದಿಲ್ಲ. ತಲೆ ತಗ್ಗಿಸಿ, ಒಂದು ಕಾಲು ಒಳಗೆ ಹಾಕಿ, ಮೈ ಮಡಚಿ, ಆಮೇಲೆ ಇನ್ನೊಂದು ಕಾಲು ತರಬೇಕು. ಒಳಗೆ ಒಟ್ಟು ಏಳು ಕೋಣೆ. ಎಲ್ಲಾದರೂ ನೀರು ನುಗ್ಗಿದರೆ ಅಥವಾ ಬೆಂಕಿ ಬಿದ್ದರೆ ಆ ಕೋಣೆಯನ್ನು ಎರಡೂ ಕಡೆಯಿಂದ ಭದ್ರವಾಗಿ ಮುಚ್ಚಿ ಉಳಿದ ಸಬ್‌ಮರೀನನ್ನು ಉಳಿಸಿಕೊಳ್ಳಬೇಕು, ಅದಕ್ಕೇ ಈ ಕಿಂಡಿಗಳು. ಆ ಕೋಣೆಯಲ್ಲಿ ಇದ್ದವರು? ಅವರು ಒಳಗಿದ್ದುಕೊಂಡೇ ಹೋರಾಡಬೇಕು. ಇದನ್ನು ಗೊತ್ತಿದ್ದೇ ಪ್ರತಿಯೊಬ್ಬರೂ ಈ ಕೆಲಸಕ್ಕೆ ಬರುತ್ತಾರೆ. ಒಬ್ಬರ ಕೈಯಲ್ಲಿ ಉಳಿದವರ ಜೀವ ಇರುತ್ತದೆ ಅನ್ನುವುದು ಇಲ್ಲಿ ಸುಮ್ನೆ ಮಾತಿಗೆ ಹೇಳುವುದಲ್ಲ. ಅಡುಗೆಯವರಿಂದ ಹಿಡಿದು ಕಮಾಂಡರ್ ತನಕ ಎಲ್ಲರೂ ಯಾವ ವಾಲ್ವ್ ಎಲ್ಲಿದೆ ಅಂತ ಕತ್ತಲೆಯಲ್ಲೂ ಕೈಯಿಟ್ಟು ಹೇಳುವಷ್ಟು ಕಲಿಯಬೇಕು. ಕಲಿತು ಪರೀಕ್ಷೆ ಪಾಸಾದ ಮೇಲೆಯೇ ಎದೆಯ ಮೇಲೆ ಸಬ್‌ಮರೀನಿನವರ ಗುರುತಾದ ಡಾಲ್ಫಿನ್ ಬ್ಯಾಡ್ಜ್. ಅದರ ತರಬೇತಿ ಶಾಲೆಯಾದ ಐಎನ್‌ಎಸ್ ಶಾತವಾಹನ ಇರುವುದೂ ಇದೇ ವಿಶಾಖಪಟ್ಟಣದಲ್ಲಿ.

ಎರಡನೇ ಕೋಣೆ ಅಧಿಕಾರಿಗಳದು. ಇಲ್ಲಿ ಸ್ವಲ್ಪ ಪರವಾಗಿಲ್ಲ ಅನಿಸುತ್ತದೆ, ಪುಟ್ಟ ಮೇಜು, ಪುಟ್ಟ ಕ್ಯಾಬಿನ್. ಕಮಾಂಡರ್ ಮಲಗುವ ಜಾಗ ನೋಡಿ. ಇಡೀ ಸಬ್‌ಮರೀನಿನಲ್ಲಿ ತನ್ನದು ಅಂತ ಒಂದು ಬಾಗಿಲು ಇದ್ದದ್ದು ಅವರೊಬ್ಬರಿಗೆ, ಅದೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಜಾಗ. ನೆಲದ ಕೆಳಗೆ ಬ್ಯಾಟರಿ.

ಬ್ಯಾಟರಿ ವಿಷಯ ಸರಿಯಾಗಿ ತಿಳಿದುಕೊಂಡರೆ ಈ ಜನರ ಇಡೀ ದಿನಚರಿ ಅರ್ಥವಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು. ನೀರಿನ ಒಳಗೆ ಗಾಳಿ ಎಲ್ಲಿಂದ ಬರಬೇಕು? ಅದಕ್ಕೆ ಮುಳುಗಿದಾಗ ಓಡುವುದು ಬ್ಯಾಟರಿಯಿಂದ ತಿರುಗುವ ಎಲೆಕ್ಟ್ರಿಕ್ ಮೋಟಾರು. ಬ್ಯಾಟರಿ ಅಂದರೆ ನಮ್ಮ ಮನೆಯ ಇನ್ವರ್ಟರಿನದಲ್ಲ, ಒಂದೊಂದು ಸೆಲ್ ಮನುಷ್ಯನಿಗಿಂತ ಎಷ್ಟೋ ಭಾರ, ಅಂಥವು ನೂರಾರು. ಅದು ಖಾಲಿಯಾಗುತ್ತಾ ಬಂದಂತೆ ಮೇಲೆ ಬರಲೇಬೇಕು. ಪೂರ್ತಿ ಮೇಲೆ ಬಂದರೆ ಶತ್ರುವಿಗೆ ಕಾಣುತ್ತದೆ. ಹಾಗಾಗಿ ರಾತ್ರಿ ಹೊತ್ತು ನೀರಿನ ಮಟ್ಟದ ಸ್ವಲ್ಪ ಕೆಳಗೆ ನಿಂತು ಸ್ನಾರ್ಕೆಲ್ ಅನ್ನುವ ಕೊಳವೆಯನ್ನಷ್ಟೇ ಮೇಲೆತ್ತಿ ಗಾಳಿ ಎಳೆದುಕೊಂಡು ಡೀಸೆಲ್ ಓಡಿಸಿ ಚಾರ್ಜ್ ಮಾಡುತ್ತಾರೆ. ದೊಡ್ಡ ಅಲೆ ಬಂದರೆ ಆ ಕೊಳವೆಯ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ನೀರು ಒಳಗೆ ಬರುತ್ತದಲ್ಲ. ಆದರೆ ಎಂಜಿನ್ ನಿಲ್ಲುವುದಿಲ್ಲ, ಅದು ಒಳಗಿನ ಗಾಳಿಯನ್ನೇ ಎಳೆಯಲು ಶುರು ಮಾಡುತ್ತದೆ. ಆ ಕ್ಷಣ ಒಳಗಿರುವ ಎಲ್ಲರ ಕಿವಿ ಕಟ್ಟುತ್ತದೆ. ಅಲೆ ಹೋದರೆ ಬಿಡುತ್ತದೆ, ಮತ್ತೆ ಅಲೆ, ಮತ್ತೆ ಕಿವಿ. ಮಲಗಿದವನಿಗೂ ಅದೇ, ಊಟಕ್ಕೆ ಕೂತವನಿಗೂ ಅದೇ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದು ಒಂದು ಮಟ್ಟ ಮೀರಿದರೆ ಒಂದು ಕಿಡಿ ಸಾಕು. ಅದನ್ನು ಅಳೆಯುತ್ತಾ ಕೂರುವುದೇ ಒಬ್ಬರ ಡ್ಯೂಟಿ.

ನಡುವಿನ ಕೋಣೆ ಕಂಟ್ರೋಲ್ ರೂಮ್. ಒಳಗಿನಿಂದಲೇ ನೀರಿನ ಮೇಲೆ ನೋಡುವ ಪೆರಿಸ್ಕೋಪ್, ಚುಕ್ಕಾಣಿ, ಆಳ ತೋರಿಸುವ ಮೀಟರು, ಎಲ್ಲ ಇಲ್ಲೇ. ನಾವಿಕರ ಬೊಂಬೆಗಳನ್ನು ಅಲ್ಲಲ್ಲಿ ಡ್ಯೂಟಿಯಲ್ಲಿ ಇರುವ ಹಾಗೆ ನಿಲ್ಲಿಸಿದ್ದಾರೆ. ಬೊಂಬೆಗಳಿಂದ ಒಂದು ಉಪಯೋಗವಂತೂ ಆಗಿದೆ, ಒಬ್ಬ ಮನುಷ್ಯ ನಿಂತರೆ ಉಳಿದವರಿಗೆ ಎಷ್ಟು ದಾರಿ ಉಳಿಯುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ಈ ಸಬ್‌ಮರೀನ್ ಹೆಚ್ಚೆಂದರೆ ಸುಮಾರು 300 ಮೀಟರ್ ಆಳಕ್ಕೆ ಇಳಿಯಬಲ್ಲದಾಗಿತ್ತು. ಅಷ್ಟು ಆಳದಲ್ಲಿ ನೀರು ಎಲ್ಲ ಕಡೆಯಿಂದ ಒತ್ತುವ ಭಾರ ನಾವು ನೆಲದ ಮೇಲೆ ಅನುಭವಿಸುವುದಕ್ಕಿಂತ ಸುಮಾರು ಮೂವತ್ತು ಪಟ್ಟು ಜಾಸ್ತಿ. ಉಕ್ಕಿನ ಮೈ ನಿಜಕ್ಕೂ ಸ್ವಲ್ಪ ಕುಗ್ಗುತ್ತದೆ. ಹೊಸಬರಿಗೆ ಅದನ್ನು ತೋರಿಸಲು ಸಬ್‌ಮರೀನಿನವರು ಒಂದು ದಾರವನ್ನು ಅಡ್ಡಲಾಗಿ ಬಿಗಿಯಾಗಿ ಕಟ್ಟುತ್ತಾರೆ. ಆಳಕ್ಕೆ ಇಳಿದಂತೆ ಬಿಗಿಯಾಗಿದ್ದ ದಾರ ಸಡಿಲವಾಗಿ ಜೋತು ಬೀಳುತ್ತದೆ. ಅದನ್ನು ಒಳಗೆ ನಿಂತು ನೋಡುವುದು ಹೇಗಿರುತ್ತದೆ ಅಂತ ಯೋಚಿಸಿ.

ಅದರ ಮುಂದಿನ ಕೋಣೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅಡುಗೆಮನೆ ಇರುವುದು ಈ ಕಡೆ. ಅದನ್ನು ಬೇಗ ದಾಟಿಬಿಡುತ್ತಾರೆ, ಯಾಕೆಂದರೆ ನೋಡಲು ಏನೂ ಇಲ್ಲ ಅನಿಸುತ್ತದೆ. ಒಬ್ಬರು ನಿಂತರೆ ತುಂಬಿತು. ಆ ಜಾಗದಲ್ಲಿ 75 ಜನರಿಗೆ ಹೊತ್ತು ಹೊತ್ತಿಗೆ ಊಟ. ಬೆಂಕಿ ಹಚ್ಚುವ ಹಾಗಿಲ್ಲ, ಎಲ್ಲ ಕರೆಂಟಿನಲ್ಲೇ. ಒಗ್ಗರಣೆಯ ಹೊಗೆ ಎದ್ದರೆ ಹೋಗಲು ಕಿಟಕಿ ಇಲ್ಲ. ಹೊರಟ ಮೊದಲ ಕೆಲವು ದಿನ ತಾಜಾ ತರಕಾರಿ, ಆಮೇಲೆ ಈರುಳ್ಳಿ, ಆಲೂಗಡ್ಡೆ, ಅವೂ ಮುಗಿದರೆ ಡಬ್ಬಿಯ ಆಹಾರ. ಹೊರಡುವಾಗ ಮೂಟೆಗಳನ್ನು ಎಲ್ಲಿ ಸಂದಿ ಸಿಗುತ್ತದೋ ಅಲ್ಲಿ ತುರುಕುತ್ತಾರೆ. ಹಡಗಿನಲ್ಲಾಗಲಿ ಸಬ್‌ಮರೀನಿನಲ್ಲಾಗಲಿ ಜನರ ಮನಸ್ಸು ಹಿಡಿದಿಡುವುದು ಅಡುಗೆಯವರು ಅನ್ನುವುದನ್ನು ಸಮುದ್ರದಲ್ಲಿ ದುಡಿದ ಯಾರನ್ನು ಕೇಳಿದರೂ ಒಪ್ಪುತ್ತಾರೆ. ಹಗಲು ರಾತ್ರಿ ಗೊತ್ತಾಗದ ಜಾಗದಲ್ಲಿ ಇದು ಬೆಳಗ್ಗೆ, ಇದು ರಾತ್ರಿ ಅಂತ ಹೇಳುವುದು ತಟ್ಟೆಗೆ ಬಂದ ಊಟವೇ.

ನೀರು. ಸುತ್ತಲೂ ಸಮುದ್ರ ಇದ್ದರೂ ಒಳಗೆ ಸಿಹಿನೀರು ಅಳೆದು ಸುರಿಯಬೇಕು. ಕುಡಿಯಲು, ಅಡುಗೆಗೆ, ಬ್ಯಾಟರಿಗೆ. ಸ್ನಾನ ಅನ್ನುವುದು ಲೆಕ್ಕದಲ್ಲೇ ಇಲ್ಲ. ಬಟ್ಟೆ ಒಗೆಯುವ ಪ್ರಶ್ನೆಯೂ ಇಲ್ಲ. ಡೀಸೆಲ್, ಬೆವರು, ಅಡುಗೆ, ಬ್ಯಾಟರಿ ಎಲ್ಲ ಸೇರಿದ ಒಂದು ವಾಸನೆ ಮೈಗೆ, ಬಟ್ಟೆಗೆ ಹತ್ತಿಕೊಂಡು ಮನೆಗೆ ಹೋದ ಮೇಲೂ ದಿನಗಟ್ಟಲೆ ಇರುತ್ತದೆ ಎಂದು ಸಬ್‌ಮರೀನಿನವರು ಹೇಳುತ್ತಾರೆ. ಶೌಚಾಲಯ ಬೆರಳೆಣಿಕೆಯಷ್ಟು, ಅದನ್ನು ಬಳಸುವುದಕ್ಕೂ ಕ್ರಮ ಇದೆ. ಆಳದಲ್ಲಿ ಹೊರಗಿನ ನೀರಿನ ಒತ್ತಡ ಜಾಸ್ತಿ, ವಾಲ್ವನ್ನು ತಪ್ಪು ಕ್ರಮದಲ್ಲಿ ತಿರುಗಿಸಿದರೆ ಆಗುವ ಅನಾಹುತ ಬರೀ ಗಲೀಜಿನದ್ದಲ್ಲ, ಸಮುದ್ರ ಒಳಗೆ ಬರುವ ಅಪಾಯ. ಹೊಸ ಹುಡುಗನಿಗೆ ಅದನ್ನೂ ಕಲಿಸಬೇಕು.

ಡೀಸೆಲ್ ಎಂಜಿನ್ ಕೋಣೆಯಲ್ಲಿ ಮೂರು ಎಂಜಿನ್. ನಡುವೆ ಒಬ್ಬರು ಹೋಗುವಷ್ಟು ದಾರಿ. ಈಗ ಎಲ್ಲ ನಿಂತಿದೆ, ತಣ್ಣಗಿದೆ, ಹಾಗಾಗಿ ಅದರ ನಿಜ ನಮಗೆ ಸಿಗುವುದಿಲ್ಲ. ಓಡುವಾಗ ಇಲ್ಲಿ ಮಾತು ಕೇಳಿಸುವುದಿಲ್ಲ, ಕೈಸನ್ನೆಯೇ ಭಾಷೆ. ಬಿಸಿಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ಕುರ್ಸುರಾ ಸೇರಿದ್ದು ಫಾಕ್ಸ್‌ಟ್ರಾಟ್ ಅಂತ ಕರೆಯುವ ಮಾದರಿಗೆ. ಕ್ಯೂಬಾ ವಿಷಯಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದ 1962ರ ಅಕ್ಟೋಬರ್‌ನಲ್ಲಿ ಸೋವಿಯತ್ ನೌಕಾಪಡೆ ಇದೇ ಮಾದರಿಯ ನಾಲ್ಕು ಸಬ್‌ಮರೀನುಗಳನ್ನು ಕ್ಯೂಬಾ ಕಡೆಗೆ ಕಳಿಸಿತು. ಉತ್ತರದ ತಣ್ಣನೆ ಸಮುದ್ರಕ್ಕೆ ಅಂತ ಮಾಡಿದವು, ಬೆಚ್ಚಗಿನ ನೀರಿಗೆ ಬಂದು ಒಳಗೆ ಬೇಯತೊಡಗಿದವು. ಮೇಲೆ ಅಮೆರಿಕದ ಹಡಗುಗಳು, ಬ್ಯಾಟರಿ ಖಾಲಿ, ಗಾಳಿ ಕೆಟ್ಟಿದೆ, ಜನ ಬಿಸಿಗೆ ಕುಸಿದು ಬೀಳುತ್ತಿದ್ದಾರೆ. ಅದರಲ್ಲಿ ಬಿ-59 ಅನ್ನುವ ಸಬ್‌ಮರೀನಿನಲ್ಲಿ ಅಣ್ವಸ್ತ್ರ ಇದ್ದ ಟಾರ್ಪಿಡೋ ಹಾರಿಸುವ ಮಾತು ಬಂದಾಗ ವಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಬೇಡ ಅಂತ ಗಟ್ಟಿಯಾಗಿ ನಿಂತರು. ಆ ವಾದ ನಡೆದದ್ದು ನಾವು ಕುರ್ಸುರಾದಲ್ಲಿ ಮೈ ಮಡಚಿಕೊಂಡು ದಾಟುವ ಇಂಥದ್ದೇ ಕೋಣೆಗಳಲ್ಲಿ. ಆ ಕಥೆಯನ್ನು ಮೊದಲೇ ಓದಿದ್ದೆ, ಆದರೆ ಒಳಗೆ ನಿಂತಾಗ ಆ ಮನುಷ್ಯನ ಮೇಲೆ ಗೌರವ ಇನ್ನೂ ಜಾಸ್ತಿ ಆಯಿತು. ಫ್ಯಾನ್ ಇರುವ ಕೋಣೆಯಲ್ಲಿ ಕೂತು ತಾಳ್ಮೆಯಿಂದ ಯೋಚಿಸುವುದಕ್ಕೂ ಅಲ್ಲಿ ಯೋಚಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ಆಮೇಲೆ ಮೋಟಾರು ಕೋಣೆ, ಕೊನೆಗೆ ಹಿಂದಿನ ಟಾರ್ಪಿಡೋ ಕೋಣೆ. ಅಲ್ಲೂ ಮಲಗುವ ಹಲಗೆಗಳು.

1971ರ ಯುದ್ಧದಲ್ಲಿ ಕುರ್ಸುರಾ ಅರಬ್ಬಿ ಸಮುದ್ರದಲ್ಲಿ ಗಸ್ತು ತಿರುಗಿತ್ತು. ಯಾವ ಹಡಗನ್ನೂ ಮುಳುಗಿಸಲಿಲ್ಲ. ಕೆಲವರಿಗೆ ಇದು ಕೇಳಿ ನಿರಾಸೆ ಆಗುವುದನ್ನು ನೋಡಿದ್ದೇನೆ, "ಹಾಗಾದರೆ ಏನು ಮಾಡಿತು?" ಅನ್ನುತ್ತಾರೆ. ಸಬ್‌ಮರೀನಿನ ಕೆಲಸದಲ್ಲಿ ಹೆಚ್ಚಿನದು ಇದೇ. ಸದ್ದಿಲ್ಲದೆ ಕಾಯುವುದು. ಎಲ್ಲೋ ಒಂದು ಸಬ್‌ಮರೀನ್ ಇದೆ ಅನ್ನುವ ಅನುಮಾನವೇ ಎದುರಾಳಿಯ ಹಡಗುಗಳನ್ನು ಬಂದರಿನಲ್ಲಿ ಕೂರಿಸುತ್ತದೆ. ಅದರ ಬೆಲೆ ಏನು ಅಂತ ಅದೇ ಯುದ್ಧದ ಎರಡು ಘಟನೆ ಹೇಳುತ್ತವೆ. ಪಾಕಿಸ್ತಾನದ ಘಾಜಿ ಸಬ್‌ಮರೀನ್ ಡಿಸೆಂಬರ್ 3ರ ರಾತ್ರಿ ಇದೇ ವಿಶಾಖಪಟ್ಟಣದ ಹೊರಗೆ ಮುಳುಗಿತು, ಅದರಲ್ಲಿದ್ದ 90ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಡಿಸೆಂಬರ್ 9ರಂದು ನಮ್ಮ ಖುಕ್ರಿ ಹಡಗನ್ನು ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡಲಿಲ್ಲ. ಬೀಚ್ ರೋಡಿನಲ್ಲೇ ಯುದ್ಧದ ಗೆಲುವಿನ ಸ್ಮಾರಕ ಇದೆ, ಅಲ್ಲಿಗೂ ಹೋಗಿ ಬನ್ನಿ. ಕುರ್ಸುರಾದ ಹಲಗೆಗಳನ್ನು ನೋಡಿದ ಮೇಲೆ ಘಾಜಿಯವರನ್ನು ಬರೀ ಶತ್ರು ಅಂತ ನೆನೆಯುವುದು ನನಗಂತೂ ಆಗಲಿಲ್ಲ. ಅವರೂ ಹೀಗೆಯೇ ಒಬ್ಬರು ಎದ್ದ ಜಾಗದಲ್ಲಿ ಇನ್ನೊಬ್ಬರು ಮಲಗುತ್ತಿದ್ದವರು.

ಯುದ್ಧ ಇಲ್ಲದಾಗಲೂ ಅಪಾಯ ತಪ್ಪಿದ್ದಲ್ಲ. 2013ರ ಆಗಸ್ಟ್ 14ರಂದು ಮುಂಬೈ ಬಂದರಿನಲ್ಲೇ ನಿಂತಿದ್ದ ಸಿಂಧುರಕ್ಷಕ್ ಸಬ್‌ಮರೀನಿನಲ್ಲಿ ಸ್ಫೋಟವಾಗಿ 18 ಜನ ತೀರಿಕೊಂಡರು. ಆ ಸುದ್ದಿ ಓದುವಾಗ ಅದು ನನಗೆ ಒಂದು ಸಂಖ್ಯೆಯಾಗಿ ಕಂಡಿತ್ತು. ಇನ್ನು ಮುಂದೆ ಹಾಗೆ ಓದಲು ಆಗುವುದಿಲ್ಲ.

ನಮ್ಮ ಕಾರವಾರದ ಚಪಲ್ ಯುದ್ಧನೌಕೆ ಮ್ಯೂಸಿಯಂ ನೋಡಿದವರು ಹೋಲಿಸುತ್ತಾರೆ, ಹಾಗಾಗಿ ಎರಡು ಮಾತು. ರವೀಂದ್ರನಾಥ ಟಾಗೋರ್ ಬೀಚಿನಲ್ಲಿರುವ ಚಪಲ್ ಕೂಡ ಸೋವಿಯತ್ ಕಡೆಯಿಂದ ಬಂದದ್ದೇ, 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾಗಿ 2006ರಿಂದ ಮ್ಯೂಸಿಯಂ ಆಗಿದೆ. ಇದು 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗು ಅಂತ ಕೆಲವರು ಬರೆಯುತ್ತಾರೆ. ಇಸವಿ ನೋಡಿದರೇ ಗೊತ್ತಾಗುತ್ತದೆ, ಸಾಧ್ಯವಿಲ್ಲ. ದಾಳಿ ಮಾಡಿದ್ದು ಇದೇ ಬಗೆಯ, ಇದಕ್ಕಿಂತ ಹಳೆಯ ಕ್ಷಿಪಣಿ ದೋಣಿಗಳು. ಚಪಲ್ 38 ಮೀಟರ್ ಚಿಲ್ಲರೆ ಉದ್ದ, ಸುಮಾರು 30 ಜನ. ಅದು ವೇಗವಾಗಿ ಹೋಗಿ ಕ್ಷಿಪಣಿ ಹಾರಿಸಿ ವಾಪಸ್ ಬರುವ ದೋಣಿ, ತಿಂಗಳುಗಟ್ಟಲೆ ಸಮುದ್ರದಲ್ಲಿ ಇರಲು ಮಾಡಿದ್ದಲ್ಲ. ಅಲ್ಲಿ ಮೇಲೆ ನಿಂತರೆ ಗಾಳಿ ಬರುತ್ತದೆ, ಆಕಾಶ ಕಾಣುತ್ತದೆ. ಸಮುದ್ರದ ಮೇಲೆ ಬದುಕುವುದಕ್ಕೂ ಸಮುದ್ರದ ಒಳಗೆ ಬದುಕುವುದಕ್ಕೂ ಇರುವ ಅಂತರ ಈ ಎರಡನ್ನೂ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಮಕ್ಕಳಿರುವವರು ಮೊದಲು ಚಪಲ್ ತೋರಿಸಿ, ಆಮೇಲೆ ಯಾವಾಗಲಾದರೂ ಕುರ್ಸುರಾಗೆ ಕರೆದುಕೊಂಡು ಹೋಗಿ.

ಮಕ್ಕಳು ಅಂದಾಗ ನೆನಪಾಯಿತು. ಕೈಗೂಸುಗಳನ್ನು ಎತ್ತಿಕೊಂಡು ಆ ಕಿಂಡಿ ದಾಟುವುದು ಕಷ್ಟ. ಮಂಡಿ ನೋವು ಇರುವ ಹಿರಿಯರಿಗೂ ಕಷ್ಟ, ಹತ್ತಲು ಮೆಟ್ಟಿಲಿದೆ, ಒಳಗೆ ಕೂರಲು ಜಾಗ ಇಲ್ಲ. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದ ಹಾಗಾಗುವವರು ದಯವಿಟ್ಟು ಒಳಗೆ ಹೋಗಬೇಡಿ, ಹಿಂದೆ ಜನ ಇರುವಾಗ ನಡುವೆ ತಿರುಗಿ ಬರಲು ಆಗುವುದಿಲ್ಲ. ಎತ್ತರ ಇರುವವರು ತಲೆ ಜೋಪಾನ, ಮೇಲೆಲ್ಲ ಪೈಪು. ದೊಡ್ಡ ಬ್ಯಾಗ್ ಬೇಡ. ಸೋಮವಾರ ರಜೆ. ಉಳಿದ ದಿನದ ಸಮಯವನ್ನು ಹೋಗುವ ಮೊದಲು ನೋಡಿಕೊಳ್ಳಿ, ವಾರದ ದಿನಗಳಲ್ಲಿ ಮಧ್ಯಾಹ್ನದ ಮೇಲೆಯೇ ತೆರೆಯುವುದು. ಭಾನುವಾರ ಮತ್ತು ರಜೆ ದಿನ ಬಿಟ್ಟು ವಾರದ ನಡುವೆ, ತೆರೆದ ಕೂಡಲೇ ಹೋದರೆ ಗೈಡ್ ಜೊತೆ ಮಾತಾಡಲು ಪುರುಸೊತ್ತು ಸಿಗುತ್ತದೆ. ಟಿಕೆಟ್ ದುಬಾರಿಯಲ್ಲ.

ರಸ್ತೆಯ ಆಚೆ ಬದಿಗೆ ಟಿಯು-142 ವಿಮಾನದ ಮ್ಯೂಸಿಯಂ ಇದೆ, 2017ರಲ್ಲಿ ಶುರುವಾದದ್ದು. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರುತ್ತಾ ಸಬ್‌ಮರೀನುಗಳನ್ನು ಹುಡುಕುವುದೇ ಈ ವಿಮಾನದ ಕೆಲಸ. ಅಡಗುವವರದು ಈ ಕಡೆ, ಹುಡುಕುವವರದು ಆ ಕಡೆ, ಎರಡನ್ನೂ ಒಂದೇ ಸಂಜೆ ನೋಡಬಹುದು. ಇದೇ ಬಗೆಯ ವಿಮಾನ ಈಗ ಕಾರವಾರದಲ್ಲೂ ಚಪಲ್ ಹತ್ತಿರ ಇದೆ. ಸಮಯ ಕಡಿಮೆ ಇದ್ದರೆ ಕುರ್ಸುರಾ ಮೊದಲು.

ನೌಕಾಪಡೆ ಈ ಸಬ್‌ಮರೀನನ್ನು ಮರೆತಿಲ್ಲ ಅನ್ನುವುದೂ ಸಂತೋಷದ ವಿಷಯ. ಮುಖ್ಯ ದಿನಗಳಲ್ಲಿ ಹಡಗುಗಳನ್ನು ಮುಂದಿನಿಂದ ಹಿಂದಿನ ತನಕ ಬಾವುಟಗಳಿಂದ ಸಿಂಗರಿಸುವ ಪದ್ಧತಿ ಇದೆಯಲ್ಲ, ಸೇವೆಯಲ್ಲಿರುವ ಹಡಗುಗಳಿಗೆ ಸಿಗುವ ಆ ಗೌರವ ನಿವೃತ್ತಿಯಾದ ಕುರ್ಸುರಾಗೂ ಸಿಗುತ್ತಿದೆ. ಇದರ ಜೊತೆ ಬಂದ ಕಲ್ವರಿ, ಖಂಡೇರಿ, ಕರಂಜ್ ಹೆಸರುಗಳನ್ನು ಮುಂಬೈಯಲ್ಲಿ ಕಟ್ಟಿದ ಹೊಸ ಸಬ್‌ಮರೀನುಗಳಿಗೆ ಇಟ್ಟಿದ್ದಾರೆ. ಹೊಸದಾಗಿ ಕುರ್ಸುರಾ ಅಂತ ಯಾವುದಕ್ಕೂ ಇಟ್ಟಿಲ್ಲ. ನನಗೆ ಕೇಳಿದರೆ ಇಡಬೇಕು.

ಇನ್ನೊಂದು ಆಸೆ. ಇಂಥ ಸಬ್‌ಮರೀನುಗಳಲ್ಲಿ ಶುರುವಿನ ವರ್ಷಗಳಲ್ಲಿ ದುಡಿದವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಅವರ ಮಾತುಗಳನ್ನು ಅವರ ಅವರ ಭಾಷೆಯಲ್ಲೇ ರೆಕಾರ್ಡ್ ಮಾಡಿ, ಆಯಾ ಕೋಣೆಯಲ್ಲಿ ನಿಂತಾಗ ಕಿವಿಗೆ ಹಾಕಿಕೊಂಡು ಕೇಳುವ ಹಾಗೆ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ. ಎಂಜಿನ್ ಕೋಣೆಯಲ್ಲಿ ಎಂಜಿನ್ ಸದ್ದು, ಅಡುಗೆಮನೆಯಲ್ಲಿ ಅಡುಗೆಯವರ ಮಾತು. ಆಗ ಗುಂಪಿನ ಗಡಿಬಿಡಿಯ ದಿನ ಹೋದವರಿಗೂ ಆ ಬದುಕು ಸ್ವಲ್ಪ ಸಿಗುತ್ತದೆ.

ನಮ್ಮ ಕರಾವಳಿ, ಕೊಡಗು, ಬೆಳಗಾವಿ ಕಡೆಯಿಂದ ನೌಕಾಪಡೆಗೆ ಹೋದವರು ಬಹಳ ಜನ ಇದ್ದಾರೆ. ನಿಮ್ಮ ಮನೆಯಲ್ಲಿ, ಊರಿನಲ್ಲಿ ಯಾರಾದರೂ ಸಬ್‌ಮರೀನಿನಲ್ಲಿ ಕೆಲಸ ಮಾಡಿದ್ದರೆ ಅವರ ಹತ್ತಿರ ಕೂತು ಕೇಳಿ, ಕನ್ನಡದಲ್ಲಿ ಬರೆಯಿರಿ. ಏನು ತಿಂದರು, ಎಲ್ಲಿ ಮಲಗಿದರು, ಮನೆಯಿಂದ ಕಾಗದ ಎಷ್ಟು ದಿನಕ್ಕೆ ಸಿಗುತ್ತಿತ್ತು, ಮೊದಲ ಸಲ ನೀರಿನೊಳಗೆ ಇಳಿದಾಗ ಏನನಿಸಿತು. ನಾನಂತೂ ಓದಲು ಕಾಯುತ್ತಿರುತ್ತೇನೆ.